ಹಳೇ ಗಾಡಿಗೆ ಹೊಸ ಎಸಿ

ನಮ್ಮನೆ ಟಿಟಿ ಗಾಡಿ ನಿಮಗೆಲ್ಲ ಗೊತ್ತೇ ಅದೆ. ಹನ್ನೆರಡು ಸೀಟಿನ ಹಳೇ ಟೆಂಪೋ ಟ್ರಾವೆಲರ್ರು, ಮದುವೆ ದಿಬ್ಬಣಕ್ಕೆ ಎಷ್ಟೋ ಜನ ಅದ್ರಲ್ಲೇ ಹೋಗಿದ್ದೀರ. ಈ ಬ್ಯಾಸ್ಗೇಲಿ ಅದ್ರ ಎಸಿ ಪೂರ್ತಿ ಕೈ ಕೊಡ್ತು. ಕಂಪ್ರೆಸರ್ ಹೋಗದೆ, ರಿಪೇರಿ ಮಾಡ್ಸುದ್ರೆ ದುಡ್ಡು ದಂಡ, ಎಲ್ಲಾನೂ ಹೊಸದೇ ಹಾಕ್ಸಿ ಅಂದ್ರು ಮೈಸೂರಲ್ಲಿ.

ನಮ್ಮತ್ತೆ ಕೇಳಿದ್ದು ಒಂದೇ ಮಾತು, "ಊಟಿಗೋಗೋ ಗಾಡಿಗೆ ಎಸಿ ಯಾಕವ್ವ?" ನಗಬ್ಯಾಡಿ, ಅದೂ ದಿಟವೇ. ಘಾಟಿ ಹತ್ತುವಾಗ ನಮ್ಮ ಯಜಮಾನ್ರೇ ಆಫ್ ಮಾಡ್ತಾರೆ. ಎಸಿ ಓಡೋದು ಇಂಜಿನ್ ಬೆಲ್ಟಿಂದ, ಹಳೇ ಇಂಜಿನ್ನು ಏರೂ ಹತ್ತಬೇಕು ಎಸೀನೂ ಓಡಿಸ್ಬೇಕು ಅಂದ್ರೆ ಏದುಸಿರು ಬಿಡ್ತದೆ. ಆದ್ರೆ ನಂಜನಗೂಡಿಂದ ಬೇಗೂರು, ಗುಂಡ್ಲುಪೇಟೆ ದಾಟೋ ತನಕ ಬಿಸಿಲು ಹೆಂಗಿರ್ತದೆ ನೋಡಿದ್ದೀರಲ್ಲ. ತಂಪೊತ್ತಲ್ಲಿ ಹೋಗಣ ಅಂದ್ರೆ, 2009ರಿಂದ ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಬಂದ್. ಫೋನ್ ಮಾಡೋ ಪಾರ್ಟಿ ರೇಟು ಕೇಳೋಕ್ಕೂ ಮುಂಚೆ "ಎಸಿ ಅದಾ?" ಅಂತಾರೆ. ಇಲ್ಲ ಅಂದ್ರೆ ಮುಗೀತು. ಮೇ ತಿಂಗಳಲ್ಲೇ ನಾಕು ಬಾಡಿಗೆ ಹಂಗೇ ಹೋದ್ವು.

ಮಾರ್ಬುಟ್ಟು ಸಾಲ ಮಾಡಿ ಹೊಸ ಗಾಡಿ ತಗಳಣ ಅಂದ ಮಗ. ಯಜಮಾನ್ರು ಮಾತೇ ಆಡ್ಲಿಲ್ಲ. ಅವರಿಗೀಗ ಐವತ್ತೆಂಟು. ಇನ್ನೆಷ್ಟು ವರ್ಷ ಸ್ಟೇರಿಂಗ್ ಹಿಡೀತಾರೆ, ಕಂತು ಯಾರು ಕಟ್ಟೋದು? ಡೈರಿ ಹಾಲಿನ ದುಡ್ಡಲ್ಲಿ ಕಟ್ಟಿದ್ದ ನನ್ನ ಚೀಟಿ ಎತ್ತಿ ಒಂದು ಲಕ್ಷದ ಹತ್ರ ಮಡಗಿದ್ದೆ. ಕೊಡ್ತೀನಿ, ಆದ್ರೆ ನಾನೂ ಮೈಸೂರಿಗೆ ಬತ್ತೀನಿ ಅಂದೆ.

ಯಾಕಂದ್ರೆ ಸೀಟ್ ಕವರ್ ಒಗಿಯೋಳು ನಾನು. ಹಿಂದಿನ ಎಡಗಡೆ ಎರಡು ಸೀಟಿಗೆ ಮಾತ್ರ ಟೀ ಚೆಲ್ಲಿದಂಗೆ ಕಂದು ಕಲೆ. ಎಸಿ ಓಡುವಾಗ ಬೀಳೋ ನೀರು ಬೇರೆ. ಗಾಳೀಲಿರೋ ತೇವ ತಣ್ಣಗಾಗಿ ನೀರಾಗ್ತದೆ, ಅದು ಆಚೆ ಹೋಗೋ ಪೈಪು ಕಟ್ಕೊಂಡ್ರೆ ಒಳಗೆ ತೊಟ್ಟಿಕ್ತದೆ. ನಮ್ಮ ಕಲೆ ಬೀಳ್ತಿದ್ದುದು ಗಾಡಿ ಮನೆ ಮುಂದೆ ಸುಮ್ನೆ ನಿಂತಿದ್ದಾಗ, ರಾತ್ರಿ ಮಳೆ ಉಯ್ದ ಮಾರನೇ ದಿನ.

ಮೆಕ್ಯಾನಿಕ್ ಹುಡುಗ "ಹೊಸ ಎಸಿ ಬಂದ್ರೆ ಎಲ್ಲ ಸರಿಹೋಯ್ತದೆ ಬುಡಿ ಅಮ್ಮ" ಅಂದ. ಒಸಿ ಮೇಲ್ಗಡೆ ಬಿಚ್ಚಿ ನೋಡಪ್ಪ ಅಂದೆ. ಟಾಪ್ ಮೇಲಿನ ಪೆಟ್ಟಿಗೆ ಇಳ್ಸುದ್ರೆ, ಬೋಲ್ಟಿನ ಸುತ್ತ ತಗಡು ಹಪ್ಪಳ ಆಗೋಗಿತ್ತು ಕನ್ರವ್ವ, ಬೆರಳಲ್ಲಿ ಒತ್ತುದ್ರೆ ಮುರೀತದೆ. ಅಷ್ಟು ವರ್ಷ ಆ ಭಾರ ಕುಲುಕಿ ಕುಲುಕಿ, ಅಡೀಲಿದ್ದ ರಬ್ಬರ್ ಒಣಗಿ ಸೀಳಿ, ಮಳೆ ನೀರು ಇಳಿದು ತುಕ್ಕು ತಿಂದುಬುಟ್ಟದೆ. ಹುಡುಗ ಆಮೇಲೆ ಮಾತಾಡ್ಲಿಲ್ಲ. ಅದ್ರ ಮೇಲೇ ಹೊಸ ಪೆಟ್ಟಿಗೆ ಕೂರಿಸಿದ್ದಿದ್ರೆ ನನ್ನ ಚೀಟಿ ದುಡ್ಡು ಮಳೆ ನೀರಲ್ಲೇ ಹೋಗ್ತಿತ್ತು.

ತುಕ್ಕು ಕತ್ತರಿಸಿ ಹೊಸ ತಗಡು, ಭಾರ ತಡೆಯೋಕೆ ಒಳಗಿಂದ ಕಬ್ಬಿಣದ ಪಟ್ಟಿ, ಹೊಸ ರಬ್ಬರು. ಅದಕ್ಕೇ 18 ಸಾವಿರ ಹೆಚ್ಚಾಯ್ತು, ಮಗ ಗೊಣಗ್ಕೊಂಡೇ ಹಾಕ್ದ. ಗ್ಯಾಸ್ ತುಂಬೋಕ್ಕೆ ಮುಂಚೆ ಪಂಪ್ ಹಚ್ಚಿ ಪೈಪೊಳಗಿನ ಗಾಳಿ, ತೇವ ಎಲ್ಲ ಎಳೆದು ತೆಗೀತಾರೆ. ಉಪ್ಪಿನಕಾಯಿ ಜಾಡಿ ಒಂದು ತೊಟ್ಟು ನೀರಿಲ್ದಂಗೆ ಒಣಗಿಸ್ತೀವಲ್ಲ, ಹಂಗೇಯ. ಅದು ಮುಗಿಯೋ ತನಕ ಅಲ್ಲೇ ಸ್ಟೂಲ್ ಹಾಕ್ಕೊಂಡು ಕುಂತಿದ್ದೆ.

ಮೊನ್ನೆ ಜೋರು ಮಳೆ ಬಂತು, ಸೀಟು ಒಣಗೇ ಅದೆ. ದಸರಾಕ್ಕೆ ಎರಡು ಬಾಡಿಗೆ ಒಪ್ಕೊಂಡವ್ರೆ. ಆ ಎರಡು ಕವರ್ ಮಾತ್ರ ಎಷ್ಟು ಉಜ್ಜುದ್ರೂ ಕಲೆ ಬುಡ್ಲಿಲ್ಲ. ಗುಂಡ್ಲುಪೇಟೇಲಿ ಒಳ್ಳೇ ರೆಗ್ಸಿನ್ ಎಲ್ಲಿ ಸಿಗ್ತದೆ, ಗೊತ್ತಿದ್ರೆ ಹೇಳ್ರವ್ವ.