ಮಾಸ್ತರ ಕ್ಯಾಸೆಟ್ಟು, ಬಿ ಬದಿ

ಮಾಟುಂಗಾದ ಆ ಹಳೇ ಬಿಲ್ಡಿಂಗು ಕೊನೆಗೂ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಹೋದ ತಿಂಗಳು ಮಾಸ್ತರ ಮಗಳು ಪುಣೆಯಿಂದ ಫೋನ್ ಮಾಡಿ, "ಕಾಕಾ, ಅಪ್ಪನ ಕ್ಯಾಸೆಟ್ ಎಲ್ಲಾ ನೀವ ಒಯ್ದುಬಿಡ್ರಿ. ನನ್ನ ಮನ್ಯಾಗ ಟೇಪ್ ರೆಕಾರ್ಡರೂ ಇಲ್ಲ" ಅಂದಳು. ಹೋಗಿ ತಂದೆ. ನಾಲ್ಕು ರಟ್ಟಿನ ಡಬ್ಬಿ ಕ್ಯಾಸೆಟ್ಟು, ಮೂರು ನೋಟ್‌ಬುಕ್ಕು. ನಮ್ಮ ಮನೆಯಲ್ಲಿ ಇವನ್ನು ಎಲ್ಲಿಡುವುದು ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ, ಅದು ಬೇರೆ ಮಾತು.

ಮಾಸ್ತರು ಅಂದರೆ ಸಂಗೀತದ ಮಾಸ್ತರಲ್ಲ. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದವರು, ಧಾರವಾಡದ ಕಡೆಯವರು. 2019ರಲ್ಲಿ ಹೋಗಿಬಿಟ್ಟರು. ನಾನು ಗದುಗಿನಲ್ಲಿ ಬಿ.ಕಾಂ. ಮುಗಿಸಿ, ಬ್ಯಾಂಕಿನ ಪರೀಕ್ಷೆ ಪಾಸು ಮಾಡಿ 1993ರಲ್ಲಿ ಫೋರ್ಟ್ ಬ್ರಾಂಚಿಗೆ ಬಂದು ಸೇರಿದಾಗ ಈ ಊರಲ್ಲಿ ಒಂದು ನರಪಿಳ್ಳೆಯೂ ಗೊತ್ತಿರಲಿಲ್ಲ. ಮೈಸೂರು ಅಸೋಸಿಯೇಶನ್ನಿನ ಒಂದು ಕಾರ್ಯಕ್ರಮದಲ್ಲಿ ಹಿಂದಿನ ಸಾಲಿನಲ್ಲಿ ಕೂತವರೊಬ್ಬರು ಗಾಯಕಿಗಿಂತ ಮುಂಚೆಯೇ ಸಮ್ ಮೇಲೆ "ಹ್ಞಾಂ" ಅನ್ನುತ್ತಿದ್ದರು. ತಿರುಗಿ ನೋಡಿದೆ. "ಯಾವೂರ್ರಿ?" ಅಂದರು. ಅಷ್ಟೇ ಪರಿಚಯ. ಮುಂದಿನ ಭಾನುವಾರದಿಂದ ನಾನು ಅವರ ಮನೆಯ ಕಾಯಂ ಗಿರಾಕಿಯಾದೆ.

ಒಟ್ಟು ನಾವು ನಾಲ್ಕು ಮಂದಿ. ಬೆಳಿಗ್ಗೆ ಒಂಬತ್ತಕ್ಕೆ ಸೇರುವುದು, ಒಬ್ಬೊಬ್ಬರು ಆ ವಾರ ಕೇಳಿದ್ದನ್ನು ತರುವುದು. ಹಾಡು ಮುಗಿಯುವ ತನಕ ಯಾರೂ ಬಾಯಿ ಬಿಡಬಾರದು. ಮುಗಿದ ಮೇಲೆ ಜಗಳ. ಅವಲಕ್ಕಿ, ಚಹಾ, ಮತ್ತೆ ಜಗಳ. ಆಗ ನನ್ನ ಸಂಬಳದಲ್ಲಿ ಕಾಳಾಘೋಡಾದ ರಿದಮ್ ಹೌಸಿಗೆ ಸಲ್ಲುತ್ತಿದ್ದ ಪಾಲು ನೋಡಿ ನನ್ನ ಹೆಂಡತಿ, ಅಲ್ಲಿ ಒಂದು ಆರ್.ಡಿ. ಖಾತೆ ತೆಗೀರಿ ಅಂತಿದ್ದಳು. ಆ ಅಂಗಡಿಯೂ 2016ರಲ್ಲಿ ಮುಚ್ಚಿತು.

ಏನು ಜಗಳ ಅಂತೀರಾ? ಗಂಗೂಬಾಯಿ ಹಾನಗಲ್ಲರ ಹಳೆಯ ಪ್ಲೇಟು ಹಾಕಿ, ಮೇಲಿಂದ ಅವರದೇ ಎಪ್ಪತ್ತರ ದಶಕದ ರೆಕಾರ್ಡು ಹಾಕಿದರೆ ಒಬ್ಬರೇ ಅಂತ ಯಾರೂ ನಂಬುವುದಿಲ್ಲ. ಮೊದಲಿನದು ತೆಳ್ಳನೆಯ ಹುಡುಗಿಯ ಧ್ವನಿ. ಗಂಟಲಿನ ಚಿಕಿತ್ಸೆಯ ನಂತರದ್ದು ಬಾವಿಯೊಳಗಿಂದ ಬಂದಂಥ ಗಂಭೀರ ಧ್ವನಿ. ಯಾವುದು 'ನಿಜವಾದ' ಗಂಗೂಬಾಯಿ ಅಂತ ಒಂದು ಭಾನುವಾರ ಪೂರ್ತಿ ಕಳೆದಿದ್ದೇವೆ. ಕುಮಾರ ಗಂಧರ್ವರದೂ ಹಾಗೆಯೇ. ಕ್ಷಯ ಬಂದು, 1948ರಲ್ಲಿ ದೇವಾಸಕ್ಕೆ ಹೋಗಿ, ವರ್ಷಗಟ್ಟಲೆ ಹಾಡದೆ ಮಲಗಿದ್ದು ಎದ್ದ ಮೇಲಿನ ಗಾಯನದಲ್ಲಿ ಆ ಉದ್ದದ ಉಸಿರಿಲ್ಲ. ಸಣ್ಣ ಸಣ್ಣ ತುಣುಕುಗಳು, ನಡುವೆ ಮೌನ. ನನಗೆ ಆ ಎರಡನೆಯ ಕುಮಾರರೇ ಇಷ್ಟ. ಮಾಸ್ತರಿಗೆ ಹುಡುಗ ಕುಮಾರ. ಇಬ್ಬರೂ ಕೊನೆಯ ತನಕ ಸೋಲಲಿಲ್ಲ. ಅಬ್ದುಲ್ ಕರೀಂ ಖಾನರ ಮೂರು ಚಿಲ್ಲರೆ ನಿಮಿಷದ ಒಂದು ಪ್ಲೇಟು ಕೇಳಿ ಭೀಮಸೇನ ಜೋಶಿ ಮನೆ ಬಿಟ್ಟು ಓಡಿದ್ದರಂತಲ್ಲ, ಅದನ್ನು ಹಾಕಿದಾಗ ಮಾತ್ರ ಜಗಳವಿಲ್ಲ. ಗದುಗಿನವನಾದ ನಾನು ಆ ಹೊತ್ತು ಸ್ವಲ್ಪ ಎದೆ ಉಬ್ಬಿಸಿ ಕೂತಿರುತ್ತಿದ್ದೆ, ಓಡಿದ್ದು ನಾನೇ ಏನೋ ಎಂಬಂತೆ!

ಮಾಸ್ತರ ಬಳಿ ಒಂದು ಸಣ್ಣ ಹಾರ್ಮೋನಿಯಂ ಇತ್ತು. ನುಡಿಸಲಿಕ್ಕಲ್ಲ, ಅಳೆಯಲಿಕ್ಕೆ. ಯಾರು ಯಾವ ಟೇಪು ತಂದರೂ ಮೊದಲು ಒಂದು ಮನೆ ಒತ್ತಿ ಷಡ್ಜ ಎಲ್ಲಿದೆ ನೋಡುವುದು. "ಸಾಹೇಬ್ರ, ಇದು ಓಡಾಕತ್ತದ" ಅಂತ ತೀರ್ಪು ಕೊಡುವುದು. ಹಳೆಯ ಪ್ಲೇಟುಗಳೆಲ್ಲ ಸರಿಯಾಗಿ 78ರ ವೇಗದಲ್ಲೇ ಕೊರೆದವಲ್ಲ, ಹಾಗಾಗಿ ಟೇಪಿಗೆ ಇಳಿಸುವಾಗ ಗಾಯಕನ ಧ್ವನಿಯೇ ಬದಲಾಗುತ್ತದೆ. ಕ್ಯಾಸೆಟ್ಟಿನ ಕಥೆ ಇನ್ನೂ ವಿಚಿತ್ರ. ರೆಕಾರ್ಡ್ ಮಾಡುವಾಗ ಸೆಲ್ಲು ಇಳಿದು ಟೇಪು ನಿಧಾನ ಓಡಿದ್ದರೆ, ಆಮೇಲೆ ಕರೆಂಟಿನ ಮೇಲೆ ಹಾಕಿದಾಗ ಹಾಡು ಜೋರು ಓಡುತ್ತದೆ, ಶ್ರುತಿಯೂ ಏರುತ್ತದೆ. ಹಾರ್ಮೋನಿಯಂನ ಒಂದು ಮನೆ ಏರಿದರೆ ವೇಗ ಸುಮಾರು ನೂರಕ್ಕೆ ಆರು ಹೆಚ್ಚು. ಗಣಿತದ ಮಾಸ್ತರಲ್ಲವೇ, ಲೆಕ್ಕ ಬಾಯಲ್ಲೇ ಇರುತ್ತಿತ್ತು. ಅವರ ಪ್ರಕಾರ ಪ್ರತಿಗಳಿಗೂ ವಂಶಾವಳಿ ಉಂಟು: ತಾಯಿ, ಮಗಳು, ಮೊಮ್ಮಗಳು. ಒಂದೊಂದು ತಲೆಮಾರಿಗೂ ಸರಸರ ಸದ್ದು ಜಾಸ್ತಿ.

ಅವರ ಹತ್ತಿರ ತಾಯಿ ಪ್ರತಿಯೊಂದಿತ್ತು. 1986ರ ಬೇಸಿಗೆ ರಜೆಯಲ್ಲಿ ಧಾರವಾಡದ ಒಂದು ಮನೆಯಲ್ಲಿ ಮಲ್ಲಿಕಾರ್ಜುನ ಮನ್ಸೂರರು ಬೆಳಿಗ್ಗೆ ಹಾಡಿದ್ದು. ಅರವತ್ತು ನಿಮಿಷದ ಕ್ಯಾಸೆಟ್ಟು. ಎ ಬದಿಗೆ ಯಮನಿ ಬಿಲಾವಲ್, ಬಿ ಬದಿಗೆ ಖಟ್. ಖಟ್ ಎಂದರೆ ಹಲವು ರಾಗಗಳ ನೆರಳು ಹಾದುಹೋಗುವ ರಾಗ. ಯಾವ ನೆರಳೂ ನಿಲ್ಲಬಾರದು, ಜಾರುತ್ತಲೇ ಇರಬೇಕು. ಅದನ್ನು ಮನ್ಸೂರರು ಅಂಗಳದಲ್ಲಿ ಅಡ್ಡಾಡಿದಷ್ಟು ಸಲೀಸಾಗಿ ಹಾಡುತ್ತಿದ್ದರು. ಮಾಸ್ತರು ಎ ಬದಿಯ ಕಿವಿ ಮುರಿದಿದ್ದರು (ಕ್ಯಾಸೆಟ್ಟಿನ ಹಿಂಬದಿಯ ಆ ಪ್ಲಾಸ್ಟಿಕ್ ಚೂರು, ಅದನ್ನು ಮುರಿದರೆ ಮತ್ತೆ ರೆಕಾರ್ಡ್ ಆಗುವುದಿಲ್ಲ). ಬಿ ಬದಿಯದು ಮುರಿದಿರಲಿಲ್ಲ. ಹಾಡು 22 ನಿಮಿಷಕ್ಕೆ ಮುಗಿದು ಎಂಟು ನಿಮಿಷ ಖಾಲಿ ಇತ್ತಲ್ಲ, ಯಾವುದಾದರೂ ವಚನ ಸಿಕ್ಕರೆ ಹಾಕೋಣ ಅಂತ.

2003ರಲ್ಲಿ ಅದನ್ನು ಒಂದು ವಾರಕ್ಕೆ ಕೇಳಿ ಪಡೆದೆ. ಬುಧವಾರ ಆಫೀಸಿನಿಂದ ಬಂದು ಬಿ ಬದಿ ಹಾಕಿ ಕಣ್ಣು ಮುಚ್ಚಿ ಕೂತರೆ, ಮನ್ಸೂರರ ಬದಲು ನನ್ನ ಐದು ವರ್ಷದ ಮಗ ಶಾಲೆಯ ಪದ್ಯ ಹೇಳುತ್ತಿದ್ದಾನೆ! ಕೆಂಪು ಗುಂಡಿ ಒತ್ತಲು ಅವನಿಗೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಾಲ್ಕು ನಿಮಿಷ ಹೋಗಿತ್ತು. ಅವನಿಗೆ ಬಿದ್ದ ಏಟು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಂದೇ ರಾತ್ರಿ ಮಾಸ್ತರಿಗೆ ಫೋನ್ ಮಾಡಬೇಕಿತ್ತು. ಕ್ಯಾಶ್ ಕಮ್ಮಿ ಬಂದರೆ ಅದೇ ದಿನ ಹೇಳು, ಮರುದಿನ ಹೇಳಿದರೆ ಕಳ್ಳತನ ಅನ್ನಿಸಿಕೊಳ್ಳುತ್ತದೆ ಅಂತ ಎಷ್ಟು ಕ್ಲರ್ಕುಗಳಿಗೆ ಬುದ್ಧಿ ಹೇಳಿಲ್ಲ ನಾನು? ಆದರೆ ಮಾಡಲಿಲ್ಲ. ಅದೇ ಬೈಠಕ್ಕಿನ ಇನ್ನೊಂದು ರೆಕಾರ್ಡು ಪುಣೆಯ ಒಬ್ಬ ಪರಿಚಯದವರಲ್ಲಿತ್ತು. ಶನಿವಾರ ಬೆಳಿಗ್ಗೆ ರೈಲು ಹತ್ತಿ ಹೋಗಿ ತಂದೆ. ಬರೇ ನಾಲ್ಕು ನಿಮಿಷ ತುಂಬಿದರೆ ಜೋಡಣೆ ಗೊತ್ತಾಗುತ್ತದೆ ಅಂತ ಜಾಣತನ ಮಾಡಿ, ಇಡೀ ಖಟ್ ಅನ್ನೇ ಮೊದಲಿನಿಂದ ಅದರ ಮೇಲೆ ಇಳಿಸಿದೆ. ಹಾಡು ಮುಗಿಯಿತು, ಚಪ್ಪಾಳೆ ಮುಗಿಯಿತು, ಗುಂಡಿ ಒತ್ತಿ ನಿಲ್ಲಿಸಿದೆ. ಪುಣೆಯವರ ಟೇಪು ಸೆಲ್ಲು ಇಳಿದ ಮಷೀನಿನದು, ಒಂದು ಮನೆ ಏರಿದೆ ಎನ್ನುವುದು ನನ್ನ ಕಿವಿಗೂ ತಿಳಿದಿತ್ತು. ಅಂದಮೇಲೆ ಮಾಸ್ತರ ಕಿವಿಗೆ?

ಭಾನುವಾರ ಕೊಟ್ಟೆ. ತೆಗೆದಿಟ್ಟರು. ಅದರ ಮುಂದಿನ ವಾರ ತಡೆಯಲಾರದೆ, "ಕ್ಯಾಸೆಟ್ ಸರಿ ಇತ್ತೇನ್ರಿ ಸರ?" ಅಂದೆ. "ಇತ್ತಲ್ಲ" ಅಂದು ಚಹಾ ಸೋಸಲು ಎದ್ದರು. ಅವರ ಮನೆಯವರು 1997ರಲ್ಲೇ ತೀರಿಕೊಂಡಿದ್ದರು, ಚಹಾ ಮಾಸ್ತರೇ ಮಾಡುತ್ತಿದ್ದರು. ಆಮೇಲೆ ಹದಿನಾರು ವರ್ಷ ಅವರು ನನಗೆ ಕ್ಯಾಸೆಟ್ಟು ಕೊಡುವುದು ನಿಲ್ಲಿಸಲಿಲ್ಲ. ಆ ಖಟ್ ಮಾತ್ರ ಬೈಠಕ್ಕಿನಲ್ಲಿ ಮತ್ತೆಂದೂ ಹಾಕಲಿಲ್ಲ. ಮರೆತಿದ್ದಾರೆ ಅಂದುಕೊಂಡು ನಾನೂ ಸಸ್ಪೆನ್ಸ್ ಖಾತೆಗೆ ಹಾಕಿ ಕೂತೆ.

ಈಗ ನೋಟ್‌ಬುಕ್ಕಿನ ವಿಷಯ. ಪ್ರತಿ ಕ್ಯಾಸೆಟ್ಟಿಗೂ ಒಂದು ನಂಬರು, ರಾಗ, ನಿಮಿಷ, ಷಡ್ಜ ಎಲ್ಲಿದೆ ಎಂಬ ದಾಖಲೆ. ಆ ಕ್ಯಾಸೆಟ್ಟಿನ ಸಾಲು ಹುಡುಕಿದೆ. ನೀಲಿ ಶಾಯಿಯಲ್ಲಿ: "ಖಟ್, 22 ನಿಮಿಷ. ಗುಂಡಿ ಒತ್ತಿದಾಕಿ ಇಕಿ. ಕಡೀಕ್ಕ ಇಕಿ ಧ್ವನಿ ಅದ." ಓದಿ ಕೈ ತಣ್ಣಗಾಯಿತು. ಮಾಸ್ತರು ಮುಂದಿನ ಸಾಲಿನಲ್ಲಿ ಕೂತು, ಮಷೀನು ಹೆಂಗಸರ ಕಡೆ ಹೆಂಡತಿಯ ಕೈಯಲ್ಲಿ ಕೊಟ್ಟಿದ್ದರು ಅಂತ ಕಾಣುತ್ತದೆ. ನಮಗ್ಯಾರಿಗೂ ಹೇಳಿರಲಿಲ್ಲ. ನಾವಾದರೂ ಸಂಗೀತ ಮುಗಿದೊಡನೆ ಟೇಪು ನಿಲ್ಲಿಸಿ ಜಗಳಕ್ಕೆ ಇಳಿಯುವವರು.

ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಇನ್ನೊಂದು ಬರಹ: "ಬದಲಾಗ್ಯದ. ಒಂದು ಮನೀ ಏರು. ಕಡೀ ಸವ್ವಾ ನಿಮಿಷ ಹಳೇದು ಉಳದದ. ಕೇಳೂದು ಬ್ಯಾಡ."

ಮೊದಲು ಅರ್ಥವಾಗಲಿಲ್ಲ. ಆಮೇಲೆ ಲೆಕ್ಕ ಹೊಳೆಯಿತು. ಜೋರು ಓಡುವ ಪ್ರತಿಯಲ್ಲಿ 22 ನಿಮಿಷದ್ದು ಇಪ್ಪತ್ತೂ ಮುಕ್ಕಾಲಕ್ಕೇ ಮುಗಿದಿದೆ. ನಾನು ಅಲ್ಲಿಗೇ ನಿಲ್ಲಿಸಿದ್ದೆ. ಮುಂದಿನ ಸವ್ವಾ ನಿಮಿಷ ಮುಟ್ಟಿರಲೇ ಇಲ್ಲ.

ಮಗ ಆನ್‌ಲೈನಿನಲ್ಲಿ ಹುಡುಕಿ ತರಿಸಿದ ಒಂದು ಹಳೇ ಡೆಕ್ಕಿನಲ್ಲಿ ಹಾಕಿದೆ. ನನ್ನ ಕಳ್ಳ ಖಟ್ ಮುಗಿಯಿತು, ಚಪ್ಪಾಳೆಯೂ ಆಯಿತು. ಟಕ್ ಅಂತ ಒಂದು ಸದ್ದು. ಆಮೇಲೆ ಮನ್ಸೂರರು ಒಂದು ಮನೆ ಕೆಳಗೆ, ಸಾವಕಾಶವಾಗಿ, ಅದೇ ಕೊನೆಯ ಆವರ್ತನಗಳನ್ನು ಇನ್ನೊಮ್ಮೆ ಹಾಡಿದರು. ಮತ್ತೆ ಚಪ್ಪಾಳೆ. ಮೈಕಿನ ತೀರಾ ಹತ್ತಿರದಿಂದ ಒಬ್ಬ ಹೆಂಗಸಿನ ದನಿ, ಪಿಸುಮಾತಿನಲ್ಲಿ: "ಮುಗೀತೇನು? ಬಂದ್ ಮಾಡ್ಲೇನು?"

ಬಿ ಬದಿ ಪೂರ್ತಿ ಕಂಪ್ಯೂಟರಿಗೆ ಇಳಿಸಿ ಮಾಸ್ತರ ಮಗಳಿಗೆ ಕಳಿಸಿದೆ. ಕೊನೆಯ ತನಕ ಕೇಳು ಅಂತ ಮಾತ್ರ ಬರೆದಿದ್ದೆ. ಎರಡು ದಿನ ಸುದ್ದಿಯಿಲ್ಲ. ನಿನ್ನೆ ರಾತ್ರಿ ವಾಟ್ಸಾಪಿನಲ್ಲಿ ಬಂತು: "ಅವ್ವನ ದನಿ ಕೇಳಿ ಇಪ್ಪತ್ತೆಂಟು ವರ್ಷದ ಮ್ಯಾಲಾತು ಕಾಕಾ." ಅದರ ಕೆಳಗೆ ಇನ್ನೊಂದು: "ಮೊದಲಿಂದು ಯಾಕ ಒಂದು ಮನೀ ಮ್ಯಾಲದ?"

ಅಪ್ಪನ ಕಿವಿ. ಇದನ್ನೇ ಅವಳಿಗೆ ಕಳಿಸುತ್ತೇನೆ.