ಸಂಕೋಚದ ಹುಡುಗಿ, ಸಾವಿರ ನಗೆ

ಅದು ೧೯೨೬ರ ಮಾತು. ನ್ಯೂಯಾರ್ಕ್ ನಗರದ ಒಂದು ನಾಟಕ ಶಾಲೆಗೆ ಹದಿನೈದರ ಹುಡುಗಿಯೊಬ್ಬಳು ಬಂದು ಸೇರಿದಳು. ದೂರದ ಜೇಮ್ಸ್‌ಟೌನ್ ಎಂಬ ಚಿಕ್ಕ ಊರಿನವಳು. ತಂದೆಯಿಲ್ಲದ ಮನೆ. ತಾಯಿ ಹೇಗೋ ಹಣ ಹೊಂದಿಸಿ ಮಗಳನ್ನು ಕಳುಹಿಸಿದ್ದಳು. ತರಗತಿಯಲ್ಲಿ ಹುಡುಗಿ ಬಾಯಿ ತೆರೆದರೆ ಮಾತು ಹೊರಡುತ್ತಿರಲಿಲ್ಲ. ಹೊರಟರೂ ಹಳ್ಳಿಯ ಉಚ್ಚಾರಣೆ. ಅದೇ ಶಾಲೆಯಲ್ಲಿ ಬೆಟ್ಟಿ ಡೇವಿಸ್ ಎಂಬ ವಿದ್ಯಾರ್ಥಿನಿ ಎಲ್ಲರ ಕಣ್ಮಣಿಯಾಗಿದ್ದಳು. ಮುಂದೆ ಹಾಲಿವುಡ್ಡಿನ ಮಹಾನಟಿಯಾದ ಬೆಟ್ಟಿ ಡೇವಿಸ್ ಇವಳೇ. ಅವಳ ಮುಂದೆ ಈ ಹುಡುಗಿ ಗೋಡೆಗೆ ಒರಗಿ ನಿಲ್ಲುವಳು. ಕೆಲವೇ ವಾರಗಳಲ್ಲಿ ಶಾಲೆಯಿಂದ ತಾಯಿಗೆ ಕಾಗದ ಬಂತು. ಈ ಹುಡುಗಿಗೆ ವಿಪರೀತ ಸಂಕೋಚ, ಇವಳಿಂದ ನಟನೆ ಸಾಧ್ಯವಿಲ್ಲ, ಇಲ್ಲಿ ಇಟ್ಟುಕೊಂಡರೆ ಎಲ್ಲರ ಕಾಲವೂ ಹಾಳು ಎಂಬುದು ಅದರ ಸಾರಾಂಶ.

ಹುಡುಗಿ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಮರಳಿದಳು. ಅವಳ ಹೆಸರು ಲೂಸಿಲ್ ಬಾಲ್. ಕಾಲು ಶತಮಾನದ ನಂತರ ಸೋಮವಾರ ರಾತ್ರಿ ಅಮೆರಿಕದ ಕೋಟ್ಯಂತರ ಜನ ಕೆಲಸ ಬಿಟ್ಟು ಟೆಲಿವಿಷನ್ ಮುಂದೆ ಕುಳಿತದ್ದು ಇವಳನ್ನು ನೋಡಲಿಕ್ಕೆ.

ಬೆಳೆಯ ಸಿರಿ ಮೊಳಕೆಯಲ್ಲಿ ಎನ್ನುತ್ತೇವೆ. ಲೂಸಿಯ ವಿಷಯದಲ್ಲಿ ಈ ಗಾದೆ ಸುಳ್ಳಾಯಿತು. ಮೊಳಕೆಯಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಪೈರು ತಲೆ ಎತ್ತುವಷ್ಟರಲ್ಲಿ ಆಕೆಗೆ ನಲವತ್ತು ವರ್ಷ!

ಒಂದೇ ಕನ್ನಡಿಯ ಮನೆ

ಲೂಸಿ ಹುಟ್ಟಿದ್ದು ೧೯೧೧ರ ಆಗಸ್ಟ್ ೬ರಂದು. ತಂದೆ ಟೆಲಿಫೋನ್ ತಂತಿ ಎಳೆಯುವ ಕೆಲಸಗಾರ. ಆಕೆಗೆ ಮೂರು ವರ್ಷವಾಗಿದ್ದಾಗ ವಿಷಮಶೀತ ಜ್ವರ ಅವನನ್ನು ಬಲಿ ತೆಗೆದುಕೊಂಡಿತು. ಅಂದು ಮನೆಯೊಳಗೆ ಹಕ್ಕಿಯೊಂದು ನುಗ್ಗಿ ಸಿಕ್ಕಿಹಾಕಿಕೊಂಡದ್ದು ಆ ಮಗುವಿನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಕೊನೆಯವರೆಗೂ ಆಕೆಗೆ ಹಕ್ಕಿಗಳ ಚಿತ್ರ ಕಂಡರೂ ಆಗುತ್ತಿರಲಿಲ್ಲ. ತಾಯಿ ಡಿಡಿ ಆಗ ಗರ್ಭಿಣಿ. ತಮ್ಮ ಹುಟ್ಟಿದ್ದು ತಂದೆ ಹೋದ ಕೆಲವು ತಿಂಗಳಿಗೆ.

ಕೆಲವು ವರ್ಷಗಳ ನಂತರ ತಾಯಿ ಮರುಮದುವೆಯಾದಳು. ಗಂಡನೊಡನೆ ಕೆಲಸ ಹುಡುಕಿಕೊಂಡು ಹೋಗಬೇಕಾದಾಗ ಲೂಸಿಯನ್ನು ಮಲತಂದೆಯ ಹೆತ್ತವರ ಬಳಿ ಬಿಟ್ಟಳು. ಅವರದು ಕಟ್ಟುನಿಟ್ಟಿನ ಮಡಿವಂತ ಮನೆ. ಇಡೀ ಮನೆಗೆ ಇದ್ದದ್ದು ಒಂದೇ ಕನ್ನಡಿ. ಹುಡುಗಿ ಅದರ ಮುಂದೆ ಮುಖ ನೋಡಿಕೊಂಡರೆ ಅಹಂಕಾರವೆಂದು ಬೈಗುಳ. ಮುಂದೆ ತನ್ನ ಮುಖವನ್ನು ನೂರು ಬಗೆಯಲ್ಲಿ ಸೊಟ್ಟಗೆ ಮಾಡಿ ಲೋಕವನ್ನು ನಗಿಸಿದವಳ ಬಾಲ್ಯ ಹೀಗಿತ್ತು.

ನಗೆಯ ರುಚಿ ಹತ್ತಿಸಿದವನು ತಾಯಿಯ ತಂದೆ ಫ್ರೆಡ್ ಹಂಟ್. ಮರಗೆಲಸದ ಈ ಅಜ್ಜ ಮೊಮ್ಮಕ್ಕಳನ್ನು ಹಾಡು, ಕುಣಿತ, ಹಾಸ್ಯಗಳ ರಂಗಪ್ರದರ್ಶನಗಳಿಗೆ ಕರೆದುಕೊಂಡು ಹೋಗುತ್ತಿದ್ದ. ಆದರೆ ೧೯೨೭ರಲ್ಲಿ ಆ ಮನೆಗೂ ಸಿಡಿಲು ಬಡಿಯಿತು. ಅಜ್ಜ ಹಿತ್ತಲಿನಲ್ಲಿ ಮಕ್ಕಳಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದಾಗ ಗುಂಡೊಂದು ನೆರೆಮನೆಯ ಹುಡುಗನಿಗೆ ತಗುಲಿತು. ಹುಡುಗನ ಕಾಲುಗಳ ಸ್ವಾಧೀನ ತಪ್ಪಿತು. ಮೊಕದ್ದಮೆ ನಡೆದು ಅಜ್ಜನ ಮನೆ ಕೈಬಿಟ್ಟಿತು. ಯಾರದೂ ದುರುದ್ದೇಶವಿಲ್ಲದ ಒಂದು ಕ್ಷಣ ಎರಡು ಕುಟುಂಬಗಳನ್ನು ಮುರಿದು ಹಾಕಿತ್ತು.

ಲೂಸಿ ಮತ್ತೆ ನ್ಯೂಯಾರ್ಕಿಗೆ ಹೊರಟಳು. ನಟನೆ ಬಾರದಿದ್ದರೇನು, ಬಟ್ಟೆ ತೊಟ್ಟು ನಿಲ್ಲಲು ಬರುತ್ತದಲ್ಲ? ಹ್ಯಾಟಿ ಕಾರ್ನೆಗಿಯ ಹೆಸರಾಂತ ಉಡುಪಿನ ಅಂಗಡಿಯಲ್ಲಿ ರೂಪದರ್ಶಿಯಾದಳು. ಅಷ್ಟರಲ್ಲಿ ಕೀಲುಬೇನೆ ಹಿಡಿದು ಹಾಸಿಗೆ ಹಿಡಿದಳು. ಊರಿಗೆ ಮರಳಿ, ನಡೆಯುವುದನ್ನು ಮತ್ತೆ ಕಲಿಯಬೇಕಾಯಿತು. ಕಲಿತು, ಮೂರನೆಯ ಸಲ ಅದೇ ನಗರಕ್ಕೆ ಹೋದಳು.

ಹದಿನೆಂಟು ವರ್ಷದ ಕಾಯುವಿಕೆ

೧೯೩೩ರಲ್ಲಿ 'ರೋಮನ್ ಸ್ಕ್ಯಾಂಡಲ್ಸ್' ಚಿತ್ರದ ಗುಂಪು ನರ್ತಕಿಯರಲ್ಲಿ ಒಬ್ಬಳಾಗಿ ಹಾಲಿವುಡ್ ಸೇರಿದಳು. ಅಲ್ಲಿಂದ ಸಣ್ಣಪುಟ್ಟ ಪಾತ್ರಗಳ ಸಾಲು. ಕೆಲವು ಚಿತ್ರಗಳಲ್ಲಿ ಹೆಸರೂ ಇಲ್ಲ. 'ಸ್ಟೇಜ್ ಡೋರ್' (೧೯೩೭), 'ದಿ ಬಿಗ್ ಸ್ಟ್ರೀಟ್' (೧೯೪೨) ಮುಂತಾದವುಗಳಲ್ಲಿ ಗಮನ ಸೆಳೆದರೂ ತಾರಾಪಟ್ಟ ದಕ್ಕಲಿಲ್ಲ. ಐವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡರೂ ಎರಡನೆಯ ದರ್ಜೆಯ ಚಿತ್ರಗಳ ರಾಣಿ ಎಂಬುದೇ ಆಕೆಗೆ ಸಿಕ್ಕ ಬಿರುದು!

ಆದರೆ ಆ ವರ್ಷಗಳು ಪೋಲಾದವೆಂದು ತಿಳಿಯಬೇಡಿ. ಎಂಜಿಎಂ ಸ್ಟುಡಿಯೋದಲ್ಲಿ ಮೂಕಿ ಚಿತ್ರಗಳ ಮಹಾನ್ ವಿದೂಷಕ ಬಸ್ಟರ್ ಕೀಟನ್ ಆಗ ಇಳಿಗಾಲದಲ್ಲಿದ್ದ. ಜನ ಅವನನ್ನು ಬಹುಮಟ್ಟಿಗೆ ಮರೆತಿದ್ದರು. ಲೂಸಿಯ ಒಳಗೆ ಒಬ್ಬ ವಿದೂಷಕಿ ಇದ್ದಾಳೆಂದು ಕಂಡುಕೊಂಡವರಲ್ಲಿ ಅವನೂ ಒಬ್ಬ. ಟೋಪಿ, ಏಣಿ, ಕುರ್ಚಿ... ಯಾವ ವಸ್ತು ಕೈಗೆ ಬಂದರೂ ಅದರೊಡನೆ ಆಡಿ ಆಡಿ ಪಳಗಬೇಕು, ಅನಂತರವೇ ಅದರಿಂದ ನಗು ಹೊರಡುತ್ತದೆ ಎಂಬ ಪಾಠ ಆಕೆಗೆ ಅವನಿಂದ ದಕ್ಕಿತು. ಒಬ್ಬ ಗುರು ಬಾಗಿಲು ಹಾಕಿದ್ದ, ಇನ್ನೊಬ್ಬ ಗುರು ಕಿಟಕಿ ತೆರೆದ.

೧೯೪೦ರಲ್ಲಿ 'ಟೂ ಮೆನಿ ಗರ್ಲ್ಸ್' ಚಿತ್ರದ ಸಮಯದಲ್ಲಿ ಕ್ಯೂಬಾ ದೇಶದಿಂದ ವಲಸೆ ಬಂದಿದ್ದ ಸಂಗೀತಗಾರ ಡೆಸಿ ಅರ್ನಾಜ್ ಪರಿಚಯವಾದ. ಆರು ವರ್ಷ ಕಿರಿಯ. ಅದೇ ನವೆಂಬರಿನಲ್ಲಿ ಇಬ್ಬರೂ ಮದುವೆಯಾದರು. ಅವನು ವಾದ್ಯವೃಂದದೊಡನೆ ಊರೂರು ಸುತ್ತುವವನು, ಇವಳು ಸ್ಟುಡಿಯೋದಲ್ಲಿ ದುಡಿಯುವವಳು. ಒಟ್ಟಿಗೆ ಇದ್ದದ್ದೇ ಕಡಿಮೆ. ೧೯೪೮ರಿಂದ 'ಮೈ ಫೇವರಿಟ್ ಹಸ್ಬೆಂಡ್' ಎಂಬ ರೇಡಿಯೋ ಹಾಸ್ಯ ಸರಣಿಯಲ್ಲಿ ಲೂಸಿ ಜನಪ್ರಿಯಳಾದಳು. ಅದನ್ನು ಟೆಲಿವಿಷನ್ನಿಗೆ ತರುವ ಯೋಚನೆ ಸಿಬಿಎಸ್ ಸಂಸ್ಥೆಗೆ ಬಂದಾಗ ಆಕೆ ಒಂದೇ ಷರತ್ತು ಹಾಕಿದಳು: ನನ್ನ ಗಂಡನ ಪಾತ್ರಕ್ಕೆ ನನ್ನ ಗಂಡನೇ ಬೇಕು.

ಸಂಸ್ಥೆ ಹಿಂಜರಿಯಿತು. ಅಮೆರಿಕದ ಹೆಣ್ಣಿಗೆ ಸ್ಪ್ಯಾನಿಷ್ ಉಚ್ಚಾರಣೆಯ ಕ್ಯೂಬಾದ ಗಂಡನನ್ನು ಜನ ಒಪ್ಪುವುದಿಲ್ಲ ಎಂದಿತು. ಆ ಇಬ್ಬರೂ ನಿಜಜೀವನದಲ್ಲಿ ಹತ್ತು ವರ್ಷದಿಂದ ದಂಪತಿಗಳು! ವಾದ ಮಾಡುತ್ತ ಕೂರದೆ ಅವರು ೧೯೫೦ರಲ್ಲಿ ಊರೂರಿನ ರಂಗಮಂದಿರಗಳಲ್ಲಿ ಹಾಸ್ಯ ಪ್ರದರ್ಶನ ನೀಡುತ್ತ ಹೊರಟರು. ಜನ ಬಿದ್ದೂ ಬಿದ್ದೂ ನಕ್ಕರು. ಸಂಸ್ಥೆ ಒಪ್ಪಿತು.

ಕೂಲಿ ಬಿಟ್ಟರು, ಹೊಲ ಉಳಿಸಿಕೊಂಡರು

ಆಗಿನ ಟೆಲಿವಿಷನ್ ಕಾರ್ಯಕ್ರಮಗಳು ಬಹುಪಾಲು ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆ ಟಿ.ವಿ. ಪರದೆಯನ್ನೇ ಕ್ಯಾಮರಾದಲ್ಲಿ ಹಿಡಿದ ಮಸುಕು ಪ್ರತಿ ಹೋಗುತ್ತಿತ್ತು. ಹೆಚ್ಚು ಟಿ.ವಿ.ಗಳಿದ್ದದ್ದು ಪೂರ್ವ ಭಾಗದಲ್ಲಿ. ಅಲ್ಲಿನವರಿಗೆ ಮಸುಕು ಚಿತ್ರ ತೋರಿಸಲು ಪ್ರಾಯೋಜಕರಾದ ಸಿಗರೇಟು ಕಂಪೆನಿಯವರು ಒಪ್ಪಲಿಲ್ಲ. ದಂಪತಿಗಳಿಗೋ ಪಶ್ಚಿಮದ ಲಾಸ್ ಏಂಜಲೀಸ್ ಬಿಟ್ಟು ಕದಲುವ ಮನಸ್ಸಿಲ್ಲ. ಎಷ್ಟೋ ವರ್ಷ ಹಂಬಲಿಸಿದ ಮೇಲೆ ಮಡಿಲಿಗೆ ಕೂಸು ಬರುವ ಸಮಯ ಅದು. ೧೯೫೧ರ ಜುಲೈನಲ್ಲಿ ಮಗಳು ಹುಟ್ಟಿದಳು.

ಡೆಸಿ ಒಂದು ದಾರಿ ಕಂಡುಹಿಡಿದ. ಸಿನಿಮಾದ ಹಾಗೆ ೩೫ ಮಿಲಿಮೀಟರ್ ಫಿಲ್ಮಿನಲ್ಲೇ ಚಿತ್ರಿಸೋಣ. ಆದರೆ ನಾಟಕದ ಹಾಗೆ ಪ್ರೇಕ್ಷಕರ ಎದುರಿಗೆ ನಡೆಯಲಿ, ಏಕಕಾಲಕ್ಕೆ ಮೂರು ಕ್ಯಾಮರಾ ಓಡಲಿ. ಮೂರೂ ಕೋನಗಳಿಗೆ ಒಗ್ಗುವ ಬೆಳಕು ಹೊಂದಿಸುವ ಕಠಿಣ ಕೆಲಸವನ್ನು 'ಮೆಟ್ರೊಪೊಲಿಸ್' ಖ್ಯಾತಿಯ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ವಹಿಸಿಕೊಂಡ. ಖರ್ಚು ಏರಿತು. ದಂಪತಿಗಳು ತಮ್ಮ ಸಂಬಳದಲ್ಲಿ ವಾರಕ್ಕೆ ಸಾವಿರ ಡಾಲರ್ ಬಿಟ್ಟುಕೊಟ್ಟರು. ಬದಲಿಗೆ ಕೇಳಿದ್ದು, ಆ ಫಿಲ್ಮುಗಳು ತಮ್ಮ 'ಡೆಸಿಲು' ಕಂಪೆನಿಯ ಸ್ವತ್ತಾಗಬೇಕು ಎಂದು. ಒಮ್ಮೆ ತೋರಿಸಿದ ಕಾರ್ಯಕ್ರಮಕ್ಕೆ ಮತ್ತೇನು ಬೆಲೆ ಎಂದುಕೊಂಡವರು ಸಂತೋಷದಿಂದ ಕೊಟ್ಟರು. ಕೂಲಿ ಕಡಿಮೆಯಾದರೂ ಸರಿ, ಹೊಲ ನಮ್ಮದಾಗಲಿ ಎನ್ನುವ ರೈತನ ಲೆಕ್ಕಾಚಾರ ಇದು. ಮರುಪ್ರಸಾರ ಎಂಬ ದೊಡ್ಡ ವ್ಯಾಪಾರ ಬೆಳೆಯಲು ಈ ಫಿಲ್ಮುಗಳು ಮುಖ್ಯ ಕಾರಣವಾದವು.

'ಐ ಲವ್ ಲೂಸಿ' ೧೯೫೧ರ ಅಕ್ಟೋಬರ್ ೧೫ರಂದು ಆರಂಭವಾಯಿತು. ವಾದ್ಯವೃಂದದ ನಾಯಕ ರಿಕಿ, ಹೇಗಾದರೂ ತಾನೂ ವೇದಿಕೆ ಏರಬೇಕೆಂದು ಹಟ ಹಿಡಿದ ಹೆಂಡತಿ ಲೂಸಿ, ಮನೆ ಮಾಲೀಕರಾದ ಎಥೆಲ್ ಮತ್ತು ಫ್ರೆಡ್. ಇಷ್ಟೇ ಕಥೆ. ಚಾಕೊಲೇಟ್ ಕಾರ್ಖಾನೆಯಲ್ಲಿ ಲೂಸಿ, ಎಥೆಲ್ ಕೆಲಸಕ್ಕೆ ಸೇರುತ್ತಾರೆ. ಚಲಿಸುವ ಪಟ್ಟಿಯ ಮೇಲೆ ಬರುವ ಚಾಕೊಲೇಟುಗಳಿಗೆ ಕಾಗದ ಸುತ್ತಬೇಕು. ಪಟ್ಟಿಯ ವೇಗ ಏರುತ್ತದೆ. ಸುತ್ತಲಾಗದ್ದನ್ನು ಬಾಯಿಗೆ ತುರುಕಿಕೊಳ್ಳುತ್ತಾರೆ, ಟೋಪಿಯೊಳಗೆ ಬಚ್ಚಿಡುತ್ತಾರೆ, ಅಂಗಿಯೊಳಗೆ ಇಳಿಬಿಡುತ್ತಾರೆ. ೧೯೫೨ರ ಈ ಕಂತನ್ನು ಭಾಷೆ ತಿಳಿಯದವರು ನೋಡಿದರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ.

ಇದೆಲ್ಲ ಆ ಕ್ಷಣಕ್ಕೆ ಹೊಳೆದ ಚೇಷ್ಟೆಯೆಂದು ನೋಡುವವರಿಗೆ ಅನಿಸುತ್ತದೆ. ಅಲ್ಲವೇ ಅಲ್ಲ. ಜೆಸ್ ಆಪನ್‌ಹೈಮರ್, ಮ್ಯಾಡಲಿನ್ ಪ್ಯೂ, ಬಾಬ್ ಕ್ಯಾರೊಲ್ ಬರೆದುಕೊಟ್ಟ ಒಂದೊಂದು ಚಲನೆಯನ್ನೂ ಲೂಸಿ ದಿನಗಟ್ಟಲೆ ಅಭ್ಯಾಸ ಮಾಡುತ್ತಿದ್ದಳು. ತಾಲೀಮಿನಲ್ಲಿ ಆಕೆಯಷ್ಟು ಕಟುವಾದ ಮೇಷ್ಟರಿಲ್ಲ ಎಂದು ಜೊತೆಯವರು ಗೊಣಗುವಷ್ಟು! ತಾನು ಸ್ವಭಾವತಃ ತಮಾಷೆಯವಳಲ್ಲ, ಬರಹಗಾರರು ಬರೆದದ್ದನ್ನು ಧೈರ್ಯವಾಗಿ ಮಾಡುತ್ತೇನೆ ಅಷ್ಟೆ ಎಂದು ಆಕೆ ಹೇಳಿಕೊಳ್ಳುತ್ತಿದ್ದಳು. ಸಂಕೋಚದ ಹುಡುಗಿ ಸಂಕೋಚವನ್ನು ಗೆದ್ದದ್ದು ಅಭ್ಯಾಸದಿಂದ.

೧೯೫೨ರಲ್ಲಿ ಆಕೆ ಮತ್ತೆ ಗರ್ಭಿಣಿಯಾದಳು. ಆಗಿನ ಟೆಲಿವಿಷನ್ನಿನಲ್ಲಿ ಗರ್ಭಿಣಿ ಎಂಬ ಪದವನ್ನೇ ಉಚ್ಚರಿಸುವಂತಿರಲಿಲ್ಲ. ಮುಚ್ಚಿಡುವ ಬದಲು ಅದನ್ನೇ ಕಥೆಯಾಗಿಸಿದರು. ಕ್ರೈಸ್ತರ ಎರಡು ಪಂಥಗಳ ಪಾದ್ರಿಗಳೂ ಯಹೂದಿ ಧರ್ಮಗುರುವೂ ಚಿತ್ರಕಥೆ ಓದಿ ಒಪ್ಪಿಗೆ ಕೊಟ್ಟರು. ೧೯೫೩ರ ಜನವರಿ ೧೯ರಂದು ಬೆಳಿಗ್ಗೆ ಲೂಸಿಗೆ ಆಸ್ಪತ್ರೆಯಲ್ಲಿ ಗಂಡುಮಗು, ರಾತ್ರಿ ಕಥೆಯ ಲೂಸಿಗೂ ಗಂಡುಮಗು! ಅದನ್ನು ನೋಡಿದವರು ಸುಮಾರು ೪.೪ ಕೋಟಿ ಜನ. ಮರುದಿನ ಐಸೆನ್‌ಹೋವರ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದನ್ನು ನೋಡಿದವರು ಸುಮಾರು ೨.೯ ಕೋಟಿ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಇನ್ನೊಂದು ಪರೀಕ್ಷೆ. ೧೯೩೬ರಲ್ಲಿ ಲೂಸಿ ಕಮ್ಯುನಿಸ್ಟ್ ಮತದಾರಳೆಂದು ಹೆಸರು ನೋಂದಾಯಿಸಿದ್ದು ಹೊರಬಿತ್ತು. ಆ ಕಾಲದ ಅಮೆರಿಕದಲ್ಲಿ ಇಷ್ಟು ಸಾಕಿತ್ತು. ಎಷ್ಟೋ ಕಲಾವಿದರ ಅನ್ನ ಹೋಗಿತ್ತು. ಸಮಾಜವಾದಿ ಅಜ್ಜನ ಮನಸ್ಸು ನೋಯಿಸಬಾರದೆಂದು ಹಾಗೆ ಮಾಡಿದ್ದಾಗಿ ಆಕೆ ವಿಚಾರಣೆಯಲ್ಲಿ ಹೇಳಿದಳು. ಚಿತ್ರೀಕರಣದ ರಾತ್ರಿ ಡೆಸಿ ಪ್ರೇಕ್ಷಕರ ಎದುರು ನಿಂತು, ಲೂಸಿಯಲ್ಲಿ ಕೆಂಪಾಗಿರುವುದು ಕೂದಲು ಮಾತ್ರ, ಅದೂ ನಿಜವಾದದ್ದಲ್ಲ ಎಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮಾರು ಗೆದ್ದರೂ...

೧೯೫೭ರ ಕೊನೆಗೆ, ತಾವಿಬ್ಬರೂ ಮೊದಲು ಭೇಟಿಯಾಗಿದ್ದ, ಲೂಸಿ ಒಂದು ಕಾಲದಲ್ಲಿ ಸಂಬಳಕ್ಕೆ ದುಡಿದಿದ್ದ ಆರ್‌ಕೆಓ ಸ್ಟುಡಿಯೋವನ್ನೇ ದಂಪತಿಗಳು ಕೊಂಡರು. ಆದರೆ ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರಲ್ಲ, ಇವರು ಮಾರು ಗೆದ್ದು ಮನೆ ಸೋತರು. ಡೆಸಿಯ ಕುಡಿತ, ಹೆಣ್ಣುಗಳ ಸಹವಾಸ, ಇಬ್ಬರ ಮೇಲೂ ಬಿದ್ದ ಕೆಲಸದ ಹೊರೆ ಸಂಸಾರವನ್ನು ಸವೆಸಿದ್ದವು. ಜೋಡಿಯಾಗಿ ನಟಿಸಿದ ಕೊನೆಯ ಕಾರ್ಯಕ್ರಮದ ಚಿತ್ರೀಕರಣ ೧೯೬೦ರ ಮಾರ್ಚಿನಲ್ಲಿ ಮುಗಿಯಿತು. ಮರುದಿನವೇ ಲೂಸಿ ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ತೆರೆಯ ಮೇಲೆ ನಗುತ್ತಿದ್ದ ಸಂಸಾರವನ್ನು ಕಂಡು ಅಸೂಯೆಪಟ್ಟ ಎಷ್ಟೋ ಮನೆಗಳಿಗೆ ಇದನ್ನು ನಂಬುವುದೇ ಕಷ್ಟವಾಯಿತು.

೧೯೬೨ರಲ್ಲಿ ಡೆಸಿಯ ಪಾಲನ್ನು ಕೊಂಡು ಲೂಸಿ ಡೆಸಿಲು ಸಂಸ್ಥೆಯ ಅಧ್ಯಕ್ಷೆಯಾದಳು. ಹಾಲಿವುಡ್ಡಿನ ದೊಡ್ಡ ಟೆಲಿವಿಷನ್ ಸ್ಟುಡಿಯೋವನ್ನು ಹೀಗೆ ಮುನ್ನಡೆಸಿದ ಮೊದಲ ಮಹಿಳೆ ಆಕೆ. ದುಬಾರಿಯೆಂದು ಸಂಸ್ಥೆಯ ಹಿರಿಯರೇ ಹಿಂಜರಿದ 'ಸ್ಟಾರ್ ಟ್ರೆಕ್' ೧೯೬೬ರಲ್ಲಿ ತೆರೆಕಂಡದ್ದು ಆಕೆಯ ಬೆಂಬಲದಿಂದ. ಮರುವರ್ಷ ಸಂಸ್ಥೆಯನ್ನು ೧.೭ ಕೋಟಿ ಡಾಲರಿಗೆ ಮಾರಿದಳು. 'ದಿ ಲೂಸಿ ಶೋ', 'ಹಿಯರ್ಸ್ ಲೂಸಿ' ಸರಣಿಗಳು ೧೯೭೪ರವರೆಗೂ ನಡೆದವು.

ಎಲ್ಲ ಕಾಲವೂ ಒಂದೇ ಸಮ ಇರುವುದಿಲ್ಲ. ೧೯೮೬ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, 'ಲೈಫ್ ವಿತ್ ಲೂಸಿ' ಎಂಬ ಸರಣಿ ಆರಂಭಿಸಿದಳು. ಎಂಟೇ ಕಂತು ಪ್ರಸಾರವಾಗಿ ನಿಂತಿತು. ಆ ವರ್ಷವೇ ಡಿಸೆಂಬರ್ ೨ರಂದು ಡೆಸಿ ಕ್ಯಾನ್ಸರಿನಿಂದ ತೀರಿಕೊಂಡ. ಐದು ದಿನಗಳ ನಂತರ ವಾಷಿಂಗ್ಟನ್ನಿನ ಕೆನಡಿ ಕೇಂದ್ರದಲ್ಲಿ ಲೂಸಿಗೆ ರಾಷ್ಟ್ರದ ಗೌರವ ಸಮರ್ಪಣೆ. ಡೆಸಿ ಮೊದಲೇ ಬರೆದಿಟ್ಟಿದ್ದ ಪತ್ರವನ್ನು ಅಲ್ಲಿ ಓದಿದರು. ಯಶಸ್ಸಿನಲ್ಲಿ ತೊಂಬತ್ತು ಪಾಲು ಲೂಸಿಯದು, ಉಳಿದ ಹತ್ತು ನಮ್ಮೆಲ್ಲರದು ಎಂದು ಬರೆದಿದ್ದ. 'ಐ ಲವ್ ಲೂಸಿ' ಎಂಬುದು ಬರಿಯ ಶೀರ್ಷಿಕೆಯಾಗಿರಲಿಲ್ಲ ಎಂದೂ ಸೇರಿಸಿದ್ದ. ಲೂಸಿ ಕಣ್ಣೀರು ತಡೆಯಲಾಗದೆ ಕುಳಿತಿದ್ದಳು. ೧೯೮೯ರ ಏಪ್ರಿಲ್ ೨೬ರಂದು ಆಕೆಯೂ ಹೋದಳು.

ಇಂದಿಗೂ 'ಐ ಲವ್ ಲೂಸಿ' ಮರುಪ್ರಸಾರವಾಗುತ್ತಿದೆ. ಅದರಲ್ಲಿ ಕೇಳುವ ನಗು ಆ ರಾತ್ರಿಗಳಲ್ಲಿ ಎದುರಿಗೆ ಕುಳಿತಿದ್ದ ಜನರದು. ತಾಯಿ ಡಿಡಿ ಹೆಚ್ಚುಕಡಿಮೆ ಪ್ರತಿ ಚಿತ್ರೀಕರಣಕ್ಕೂ ಬಂದು ಆ ಸಾಲುಗಳಲ್ಲಿ ಕೂರುತ್ತಿದ್ದಳು. ಲೂಸಿ ಏನೋ ಎಡವಟ್ಟು ಮಾಡಲಿದ್ದಾಳೆ ಎನ್ನುವಾಗ ಗಾಬರಿಯ ಒಂದು ಉದ್ಗಾರ, ಹಿಂದೆಯೇ ನಗು. ಬಲ್ಲವರು ಅದು ಆ ತಾಯಿಯದೇ ದನಿ ಎಂದು ಗುರುತಿಸುತ್ತಾರೆ. ಇವಳಿಂದ ಏನೂ ಆಗದು ಎಂಬ ಕಾಗದ ಓದಿದ ಮೇಲೂ, ಮನೆಗೆ ಮರಳಿದ ಮಗಳಿಗೆ ಪ್ರತಿ ಸಲವೂ ಬಾಗಿಲು ತೆರೆದವಳು ಆಕೆ.