ವಿಡಂಬನೆಯೂ ಪ್ರೇಕ್ಷಕರೂ

ದೂರದರ್ಶನದ ಚಲಿಸುವ ವ್ಯಂಗ್ಯಚಿತ್ರಗಳಲ್ಲಿ ಮುಖಂಡರ ವಿಡಂಬನೆಯನ್ನು ಕಂಡು ಒಂದೇ ಮನೆಯವರಲ್ಲಿ ಕೆಲವರು ನಗುವರು, ಕೆಲವರು ಮುನಿದು ಎದ್ದುಹೋಗುವರು. ಅಮೆರಿಕದಲ್ಲಿ ‘ಸಿಂಪ್ಸನ್ಸ್’ ಎಂಬ ಅಂತಹ ಚಿತ್ರಮಾಲೆಯ ಕುಟುಂಬವನ್ನು 1992ರಲ್ಲಿ ಅಧ್ಯಕ್ಷ ಬುಷ್ ಅವರೇ ಬಹಿರಂಗವಾಗಿ ಹಳಿದರು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳವರಾದ ನಮಗೆ ಇದು ಹೊಸತಲ್ಲ. ಯಕ್ಷಗಾನದ ಹಾಸ್ಯಗಾರನು ಪುರಾಣಪ್ರಸಂಗದ ನಡುವೆ ಇಂದಿನ ಆಳುವವರನ್ನು ಚುಚ್ಚಿದಾಗಲೂ ಸಭೆಯು ಹೀಗೆಯೇ ಒಡೆಯುವುದು.

ನಾಟ್ಯಶಾಸ್ತ್ರವು ಹೇಳುವಂತೆ, ಮೊತ್ತಮೊದಲ ನಾಟಕದಲ್ಲಿಯೇ ತಮ್ಮ ಸೋಲನ್ನು ಕಂಡ ದೈತ್ಯರು ಪ್ರಯೋಗವನ್ನು ಕೆಡಿಸಿದರು. ಅದೇ ಗ್ರಂಥದ ಕೊನೆಯಲ್ಲಿ ಋಷಿಗಳನ್ನು ಅಪಹಾಸ್ಯಮಾಡಿದ ಭರತಪುತ್ರರು ಶಾಪಕ್ಕೆ ಗುರಿಯಾದರು. ಎರಡು ಕಥೆಗಳಿಂದಲೂ ನಾವು ಕಲಿಯತಕ್ಕುದುಂಟು: ನಗಿಸುವವನು ನಡತೆಯನ್ನು ಹಳಿಯಲಿ, ಹುಟ್ಟನ್ನಲ್ಲ, ನೋಡುವವನು ಎದುರಾಳಿಗೆ ತಾಗಿದಾಗ ನಕ್ಕಿದ್ದರೆ, ತನ್ನವರಿಗೆ ತಾಗಿದಾಗಲೂ ಕುಳಿತು ನೋಡಲಿ.